ಒಂಬತ್ತನೆಯ ಹೆಜ್ಜೆ

ಆಗುವುದಿಲ್ಲ ಎಂದವಳು ನನ್ನ ಸೋದರತ್ತೆ. ಹೊರಗಿನವರು ಯಾರೂ ಹಾಗೆ ಅನ್ನಲಿಲ್ಲ. ಅನ್ನುವಷ್ಟು ನಮ್ಮ ಮನೆಯ ಸುದ್ದಿ ಅವರಿಗೆ ಬೇಕಾಗಿಯೂ ಇರಲಿಲ್ಲ. ಲಿಂಗಸುಗೂರಿನ ಕಾಲೇಜಿಗೆ ಹೆಸರು ಹಚ್ಚಿ ನಾನು ಮನೆಗೆ ಬಂದಾಗ ಅತ್ತೆ ಮುಕ್ಕುಂದದ ನಮ್ಮ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಮೊರದಿಂದ ಮುಖ ಎತ್ತದೆ ಅಂದಳು:

"ನಿಮ್ಮಪ್ಪ ನಾಕನೇತ್ತೆಗೆ ಸಾಲಿ ಬಿಟ್ಟಾನ. ನಾ ಸಾಲಿ ಒಳಗ ಕಾಲಿಟ್ಟಿದ್ದು ಓಟು ಹಾಕಾಕ ಹೋದಾಗ. ಡಿಗ್ರಿ ಅಂತ ಡಿಗ್ರಿ! ನಮ್ಮ ಮನ್ಯಾಗ ಆಗಂಗಿಲ್ಲ ಅದು. ಬೇಕಂದ್ರ ಬರ್ದಿಟ್ಕೋ. ಬರ್ಯಾಕ ನಿನಗೊಬ್ಬಾಕಿಗೇ ಬರ್ತೈತಲ್ಲ."

ನಾನು ಬರೆದಿಟ್ಟುಕೊಳ್ಳಲಿಲ್ಲ. ಮರೆಯುವ ಮಾತಾಗಿದ್ದರೆ ಬರೆಯಬೇಕಿತ್ತು.

ಅತ್ತೆ ಅಪ್ಪನಿಗಿಂತ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು. ನನ್ನ ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಭತ್ತದ ನಾಟಿ ಮಾಡುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಕಾಲುವೆಗೆ ನೀರು ಬಿಟ್ಟರೆಂದರೆ ವಳಕಮದಿನ್ನಿಯಿಂದಲೂ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದಲೂ ಟ್ರ್ಯಾಕ್ಟರ್ ಬಂದು ನಮ್ಮ ಓಣಿಯ ಬಾಯಲ್ಲಿ ನಿಲ್ಲುತ್ತಿತ್ತು. ಟ್ರಾಲಿಯಲ್ಲಿ ಕೂತ ಹೆಂಗಸರಿಗೆಲ್ಲ ಅತ್ತೆ ಅದೇ ಮಾತು ಹೇಳಿದಳು. "ನಮ್ಮ ಹುಡುಗಿ ಕಾಲೇಜಿಗೆ ಹೆಸರು ಹಚ್ಯಾಳ. ಪಾಸಾಗಂಗಿಲ್ಲ, ನೋಡ್ತಿರ್ರಿ." ಹೀಗೆ ಹೇಳುತ್ತಲೇ ಹೋದಳು. ಆದರೆ ಒಂದು ದಿನವೂ ನನ್ನನ್ನು ಕೆಸರಿಗೆ ಇಳಿಸಲಿಲ್ಲ. ನನ್ನ ಓರಗೆಯ ಹುಡುಗಿಯರೆಲ್ಲ ಸಾಲಿನಲ್ಲಿ ಬಗ್ಗಿ ಸಸಿ ಊರುವಾಗ ನಾನು ಬದುವಿನ ಮೇಲೆ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಕಾಲಿಟ್ಟರೆ ಬೈಗುಳ.

ಬದುವಿನ ಮೇಲೆ ನನ್ನ ಜೊತೆ ಅಪ್ಪ ಇರುತ್ತಿದ್ದ, ಪಿಟೀಲು ಹಿಡಿದು.

ಗದ್ದೆಯಲ್ಲಿ ಪಿಟೀಲು ಎಂದರೆ ಕಾಲೇಜಿನಲ್ಲಿ ಯಾರೂ ನಂಬುತ್ತಿರಲಿಲ್ಲ, ಅದಕ್ಕೆ ಹೇಳಿಬಿಡುತ್ತೇನೆ. ಅಪ್ಪ ಹರೆಯದಲ್ಲಿ ಕ್ಯಾಂಪಿನ ಒಬ್ಬ ಬಂಗಾಲಿ ಮುದುಕರ ಗದ್ದೆಗೆ ದುಡಿಯಲು ಹೋಗುತ್ತಿದ್ದ. ಅವರನ್ನು ಎಲ್ಲರೂ ದಾದು ಎನ್ನುತ್ತಿದ್ದರು, ಅಜ್ಜ ಅಂತ. ಹುಟ್ಟಿದ ನೆಲ ಬಿಟ್ಟು ಬರುವಾಗ ದಾದು ಹೊತ್ತು ತಂದ ಸಾಮಾನಿನಲ್ಲಿ ಈ ಪಿಟೀಲೂ ಒಂದು. ಅವರ ಬಾಯಲ್ಲಿ ಅದು ಬೇಹಾಲಾ. ಸಂಜೆ ಕೈಕಾಲು ತೊಳೆದು, ಗುಡಿಸಲ ಮುಂದೆ ಕೂತು, ಅದನ್ನು ಎದೆಗೆ ಆನಿಸಿ ಬಾರಿಸುತ್ತಿದ್ದರಂತೆ. ಅಪ್ಪನಿಗೆ ಬಂಗಾಲಿ ಬಾರದು, ದಾದುಗೆ ಕನ್ನಡ ಅರೆಬರೆ. ಕಲಿತದ್ದೆಲ್ಲ ಬೆರಳು ನೋಡಿ ಬೆರಳು ಇಟ್ಟೇ. ಕಣ್ಣು ಮಂಜಾದ ಮೇಲೆ ದಾದು ಪಿಟೀಲನ್ನು ಅಪ್ಪನ ಕೈಗಿಟ್ಟರು. ಅವರ ಮಕ್ಕಳಿಗೆ ಅದು ಬೇಕಿರಲಿಲ್ಲ. ಮನೆಗೆ ತಂದಾಗ ಅತ್ತೆ ಅದಕ್ಕೆ ಕುಂಯ್ ಪೆಟಗಿ ಎಂದು ಹೆಸರಿಟ್ಟಳು. ಇವತ್ತಿಗೂ ಅದೇ ಹೆಸರು.

ಆಮೇಲೆ ಅಪ್ಪ ಟ್ರಾಲಿಯಿಂದ ಬಿದ್ದು ನಡು ನೋಯಿಸಿಕೊಂಡ. ಬಗ್ಗಿ ಮಾಡುವ ಕೆಲಸ ನಿಂತಿತು. ಮೂಲೆ ಹಿಡಿದು ಕೂತವನನ್ನು ಅತ್ತೆಯೇ ಎಬ್ಬಿಸಿದ್ದು. "ಬಗ್ಗಾಕ ಬರ್ಲಿಲ್ಲಂದ್ರ ನಿಂತು ಸಸಿ ಕಟ್ಟು ಒಗಿ. ಕೈ ಖಾಲಿ ಇದ್ದಾಗ ಆ ಕುಂಯ್ ಪೆಟಗಿ ಬಾರ್ಸು. ಈ ಹೆಣ್ಮಕ್ಕಳ ಹರಟಿ ಆದ್ರೂ ಕಡಿಮಿ ಆಗ್ಲಿ." ಗದ್ದೆಯ ಮಾಲೀಕರು ನಕ್ಕರು. ಆದರೆ ಧಾಟಿ ಇದ್ದ ದಿನ ಸಾಲು ಬೇಗ ಸರಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ನಕ್ಕವರೇ ಟ್ರ್ಯಾಕ್ಟರ್ ಕಳಿಸುವಾಗ "ಪಿಟೀಲಿನವನೂ ಬರ್ಲಿ" ಎಂದು ಹೇಳಿ ಕಳಿಸತೊಡಗಿದರು.

ಹೀಗೆ ಗದ್ದೆಗಳಲ್ಲಿ ಬಾರಿಸುತ್ತಲೇ ಅಪ್ಪನ ಕೈಯಲ್ಲಿ ಒಂದು ಧಾಟಿ ಕೂಡಿಕೊಂಡಿತು. ಓಡುವ ಧಾಟಿ, ಕೂತವರ ಕಾಲನ್ನೂ ಕುಣಿಸುವಂಥದ್ದು. ಎಂಟೆಂಟು ಎಣಿಕೆಯ ಸಾಲುಗಳು. ಎರಡನೆಯ ಸಾಲಿನ ಕೊನೆಗೆ ಮಾತ್ರ ಒಂದು ಎಣಿಕೆ ಹೆಚ್ಚು, ಒಂಬತ್ತನೆಯದು. ಅಲ್ಲಿ ಪಿಟೀಲಿನ ಕಮಾನು ತುಸು ತಡೆದು, ಜಗ್ಗಿ, ಮತ್ತೆ ಓಡುತ್ತದೆ. ಅದು ತನ್ನ ತಪ್ಪು ಎಂದೇ ಅಪ್ಪ ಹೇಳುತ್ತಿದ್ದ. ಮೊದಲ ಸಲ ಬಾರಿಸುವಾಗ ಕಮಾನು ಜಾರಿತಂತೆ, ಹೆಂಗಸರು ಆ ತಪ್ಪನ್ನೇ ಹಿಡಿದುಬಿಟ್ಟರಂತೆ. ಮುಂದೆ ಎಷ್ಟೋ ಸಲ ತಿದ್ದಿ ಬಾರಿಸಲು ನೋಡಿದ. ತಿದ್ದಿದ ಕೂಡಲೇ ನಾಟಿಯ ಸಾಲು ಓರೆಯಾಗುತ್ತಿತ್ತು, ಕೆಳಗಿನಿಂದ ಕೆಸರಿನ ಉಂಡೆ ಹಾರಿ ಬಂದು ಅವನ ಅಂಗಿಗೆ ಬೀಳುತ್ತಿತ್ತು. "ಏ ಅಣ್ಣಾ, ನಿದ್ದಿಗಣ್ಣಾಗ ಬಾರ್ಸಾಕತ್ತೀಯೇನು?" ಅಪ್ಪ ಸೋತು ತಪ್ಪಿಗೇ ಮರಳುತ್ತಿದ್ದ.

ಧಾಟಿ ನಮ್ಮ ಗದ್ದೆಯಲ್ಲೇ ಉಳಿಯಲಿಲ್ಲ. ಸಿಂಧನೂರಿನ ಮದುವೆ ಬ್ಯಾಂಡಿನವರು ಅದನ್ನು ಹಿಡಿದರು. ಮೆರವಣಿಗೆಯಲ್ಲಿ ಹುಡುಗರು ಅದಕ್ಕೆ ಕುಣಿದರು. ಯಾರೋ ಫೋನಿನಲ್ಲಿ ಅದರ ವಿಡಿಯೊ ಹಾಕಿದರು. ಕೆಳಗೆ 'ನಮ್ಮ ಭಾಗದ ಸಾಂಪ್ರದಾಯಿಕ ಕುಣಿತದ ಧಾಟಿ' ಎಂದು ಬರೆದಿತ್ತು.

ನಾನು ಬಿ.ಎ.ಗೆ ಸಂಗೀತ ತೆಗೆದುಕೊಂಡದ್ದು ಈ ಪಿಟೀಲಿನಿಂದಲೇ. ಬದುವಿನ ಮೇಲೆ ಕೂತು ಕೂತು ನನ್ನ ಕೈಗೂ ಅದು ಬಂದಿತ್ತು. ಅದಕ್ಕೆ ಪೆಟ್ಟಿಗೆ ಇರಲಿಲ್ಲ. ಯೂರಿಯಾ ಚೀಲ ತೊಳೆದು, ಒಳಗೆ ಹಳೆಯ ಸೀರೆ ಮಡಿಸಿ ಇಟ್ಟು, ಅತ್ತೆ ಗವಸು ಹೊಲಿದು ಕೊಟ್ಟಳು. "ಪಾಸಂತೂ ಆಗಂಗಿಲ್ಲ, ಬಸ್ಸಿನ್ಯಾಗ ಮುರಕೊಂಡು ಬರಬ್ಯಾಡ," ಎಂದು ಹಲ್ಲಿನಿಂದ ದಾರ ಕಡಿದಳು. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಕಂಡಕ್ಟರ್ ಬಗ್ಗಿ ನೋಡಿ, "ಏನವಾ, ಕೋಳಿ ಒಯ್ಯಾಕತ್ತೀಯೇನು? ಕೂಗಿದ್ರ ಟಿಕೆಟ್ ನೋಡು," ಎನ್ನುತ್ತಿದ್ದ. ದಿನಾ ಅದೇ ಮಾತು. ದಿನಾ ನಗುತ್ತಿದ್ದೆ, ಬಸ್ ಪಾಸಿನ ಮೇಲೆ ಹೋಗುವವಳು ನಗದೆ ಏನು ಮಾಡಲಿ.

ಕಾಲೇಜಿನಲ್ಲಿ ತಬಲಾ ಹೇಳಿಕೊಡುವ ಗುರುಗಳು ಮಸ್ಕಿಯವರು. ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವರು ಒಮ್ಮೆ ನನ್ನ ಫೋನಿಗೆ ಒಂದು ರೆಕಾರ್ಡಿಂಗ್ ಕಳಿಸಿದರು. ಇಂಗ್ಲೆಂಡಿನ ಹಳ್ಳಿಯ ಕುಣಿತದ ಧಾಟಿ, ಅಲ್ಲಿ ಅದಕ್ಕೆ ರೀಲ್ ಎನ್ನುತ್ತಾರಂತೆ. ಬಾರಿಸುವುದು ಪಿಟೀಲಿನಲ್ಲೇ. ಮನೆಯಲ್ಲಿ ಅಪ್ಪನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ. ಕಾಲಿನ ಹೆಬ್ಬೆರಳು ತಾನಾಗಿ ಅಲುಗಿತು.

"ಇವ ಹೊಲದಾಗ ದುಡ್ದಾನ," ಅಂದ.

"ನಿನಗ ಹೆಂಗ ಗೊತ್ತು?"

"ಕೈ ಭಾರ ಐತಿ ನೋಡು, ದುಡಿಯೋ ಕೈ. ಯಾರು ಮಾಡಿದ್ದು ಇದನ್ನ?"

ಫೋನಿನಲ್ಲಿ ನೋಡಿದೆ. "ಸಾಂಪ್ರದಾಯಿಕ ಅಂತ ಹಾಕ್ಯಾರ."

ಅಪ್ಪ ಕಣ್ಣು ತೆರೆದ. "ಅಂದ್ರ ಆ ಮನಷಾಗ ಹೆಸರು ಇರಲಿಲ್ಲೇನು?"

ಒಲೆಯ ಮುಂದಿನಿಂದ ಅತ್ತೆ ಕೂಗಿದಳು: "ಹೆಸರು ಇತ್ತು ಬಿಡೋ, ಕರಿಯೋರು ಇರಲಿಲ್ಲ. ಉಣ್ಣಾಕ ಬಾ."

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ರಾಗ ನುಡಿಸಬೇಕು, ಜೊತೆಗೆ ನಮ್ಮದೇ ಸೀಮೆಯ ಒಂದು ಧಾಟಿ. ನಾನು ಬೇರೆ ಯಾವುದನ್ನು ನುಡಿಸಲಿ? ಅಪ್ಪನದನ್ನೇ ಆರಿಸಿದೆ. ರಾಗ ಮುಗಿಯಿತು. ಧಾಟಿ ಶುರುವಾಯಿತು. ಗುರುಗಳು ತಬಲಾದಲ್ಲಿ ಎಂಟಕ್ಕೆ ಬಂದು ಕೂತರು, ನಾನು ಒಂಬತ್ತಕ್ಕೆ ಹೋಗಿ ನಿಂತೆ. ಮುಂದಿನ ಸಾಲಿಗೆ ಅವರು ಒಂದು ಕಡೆ, ನಾನು ಒಂದು ಕಡೆ. ಅವರು ನನ್ನನ್ನು ಹಿಡಿಯಲು ಕಾದರೆ ನಾನು ಅವರನ್ನು ಹಿಡಿಯಲು ಓಡಿದೆ. ಕೊನೆಗೆ ಕಮಾನು ಕೆಳಗಿಟ್ಟುಬಿಟ್ಟೆ. ಪರೀಕ್ಷೆಯಲ್ಲಿ ತಪ್ಪಬಹುದು, ನಿಲ್ಲಿಸಬಾರದು. ಪರೀಕ್ಷಕರು ಕೆಟ್ಟವರೇನಲ್ಲ. "ಎಣಿಕೆ ಬಿಟ್ಟಿತಮ್ಮ, ಪರೀಕ್ಷೆ ಮತ್ತೊಮ್ಮೆ ಕಟ್ಟು," ಎಂದಷ್ಟೇ ಅಂದರು. ಉಳಿದ ಪೇಪರುಗಳೆಲ್ಲ ಪಾಸು, ಅದೊಂದೇ ಫೇಲು. ಅದೊಂದು ಆಗದೆ ಡಿಗ್ರಿ ಇಲ್ಲ.

ಫಲಿತಾಂಶ ಫೋನಿಗೆ ಬಂದಾಗ ಮನೆಯವರು ವಳಕಮದಿನ್ನಿಯ ಗದ್ದೆಯಲ್ಲಿದ್ದರು. ನಾನು ಅಲ್ಲಿಗೇ ಹೋದೆ. ಬದುವಿನ ಮೇಲೆ ನಿಂತು ಹೇಳಿದೆ. ಸಾಲು ನಿಂತಿತು. ಯಾರೋ "ಪಾಪ" ಅಂದರು. ಅತ್ತೆ ನಡು ಎತ್ತಿದಳು, ಮುಖದ ಮೇಲಿನ ಕೂದಲನ್ನು ಮೊಣಕೈಯಿಂದ ಸರಿಸಿದಳು. ನಾ ಹೇಳಿರಲಿಲ್ಲವಾ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ.

"ಸೀರಿ ಎತ್ತಿ ಕಟ್ಟು. ಇಳಿ," ಅಂದಳು.

ಅಷ್ಟು ವರ್ಷ ಇಳಿಯಬೇಡ ಎಂದವಳು ಇಳಿ ಎಂದದ್ದು ನನಗೆ ಫೇಲಾದದ್ದಕ್ಕಿಂತ ನೋವಾಯಿತು. ಇನ್ನು ನನ್ನ ಜಾಗ ಇದೇ ಎಂದು ಹೇಳಿದ ಹಾಗೆ ಕೇಳಿಸಿತು. ಇಳಿದೆ. ಕೆಸರು ಮೊಣಕಾಲಿನವರೆಗೆ ಬಂದು ಹಿಡಿಯಿತು. ನಾಟಿಯಲ್ಲಿ ನಡೆಯುವುದು ಹಿಂದಕ್ಕೆ. ಎಡಗೈಯಲ್ಲಿ ಸಸಿ, ಬಲಗೈಯಲ್ಲಿ ಊರುವುದು, ಸಾಲಿನವರೆಲ್ಲ ಒಂದೇ ಸಮ ಹಿಂದೆ ಸರಿಯುವುದು. ಅಪ್ಪ ಬಾರಿಸಲು ಶುರು ಮಾಡಿದ. ಊರಿದೆ, ಊರಿದೆ. ಧಾಟಿಯ ಎರಡನೆಯ ಸಾಲಿನ ಕೊನೆ ಬಂತು. ಕಮಾನು ತಡೆಯಿತು. ಆ ತಡೆಯಲ್ಲಿ ಎಲ್ಲ ಹೆಂಗಸರೂ ಒಟ್ಟಿಗೆ ಕಾಲು ಕಿತ್ತು ಹಿಂದಿಟ್ಟರು. ಕೆಸರು ಒಂದೇ ಸಲ ಗುಳುಂ ಎಂದಿತು. ನಾನೊಬ್ಬಳೇ ಹೂತುಕೊಂಡು ನಿಂತಿದ್ದೆ.

ಆ ಧಾಟಿ ನನ್ನ ಕಿವಿಗೆ ಗೊತ್ತಿತ್ತು, ಬೆರಳಿಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಒಂಬತ್ತನೆಯ ಎಣಿಕೆ ಬರುವಾಗೆಲ್ಲ ನಾನು ಅಂದಾಜಿನಲ್ಲಿ ತಡೆಯುತ್ತಿದ್ದೆ, ಒಮ್ಮೆ ಉದ್ದ, ಒಮ್ಮೆ ಗಿಡ್ಡ. ತಬಲಾದವರು ಹಿಡಿಯುವುದಾದರೂ ಹೇಗೆ?

ಆದರೆ ಅಪ್ಪನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಮಗಳು ಫೇಲಾದದ್ದು ತನ್ನ ತಪ್ಪಿನಿಂದ ಎಂದು ಅವನ ಮನಸ್ಸಿಗೆ ಹತ್ತಿಬಿಟ್ಟಿತ್ತು. ನಾಟಿ ಮುಗಿದ ಮೇಲೆ ಅಂಗಳದ ಬೇವಿನ ಕೆಳಗೆ ಕೂತು ಧಾಟಿಯನ್ನು ತಿದ್ದತೊಡಗಿದ. ಒಂಬತ್ತನೆಯದನ್ನು ಕತ್ತರಿಸಿ ಎಂಟಕ್ಕೆ ಕೂಡಿಸಿದ. ನಯವಾಗಿತ್ತು. ಯಾವ ತಬಲಾ ಬಂದರೂ ಹೊಂದುವಂತಿತ್ತು. ನನಗೂ ಕಲಿಸಿದ. ಮರುಪರೀಕ್ಷೆಗೆ ಇದನ್ನೇ ನುಡಿಸು ಅಂದ. ನಾನೂ ಆಗಲಿ ಅಂದೆ. ನನಗೆ ಬೇಕಾದದ್ದು ಡಿಗ್ರಿ.

ಅತ್ತೆ ಒಂದೆರಡು ದಿನ ಕೇಳಿದಳು. ಒಂದು ಸಂಜೆ ಕೈಯಲ್ಲಿದ್ದ ಮೊರವನ್ನು ಗೋಡೆಗೆ ಒಗೆದಳು.

"ಲೇ ತಮ್ಮಾ! ಏನು ಬಾರ್ಸಾಕತ್ತೀ ಅದು?"

"ತಪ್ಪು ತಿದ್ದಾಕತ್ತೀನಿ ಅಕ್ಕಾ. ಅವತ್ತು ಕಮಾನು ಜಾರಿದ್ದು, ಇಷ್ಟು ವರ್ಷ ಹಂಗ ನಡೀತು."

"ಯಾವ ಕಮಾನು ಜಾರಿತ್ತೋ? ನಿನ್ನ ಕಮಾನು ಜಾರಿರಲಿಲ್ಲ. ನನ್ನ ಕಾಲು ಹೂತಿತ್ತು."

ಅಪ್ಪ ಕಮಾನು ತೊಡೆಯ ಮೇಲಿಟ್ಟ.

"ದಾದು ಗದ್ದಿ ಮೂಲ್ಯಾಗ, ಕಾಲುವಿ ನೀರು ಸೋರ್ತಿತ್ತಲ್ಲ, ಅಲ್ಲಿ. ನನ್ನ ಕಾಲು ಹೂತು ಬರವಲ್ದಾತು. ನಾ ನಿಂತೆ, ಸಾಲು ನಿಂತಿತು. ನೀ ಮ್ಯಾಲೆ ನಿಂತು ನಮ್ಮನ್ನ ನೋಡ್ಕೋತ ಕಮಾನು ತಡದಿ. ನಾ ಕಾಲು ಕಿತ್ತಿಟ್ಟೆ, ನೀ ಬಿಟ್ಟಿ. ಮುಂದ ಎಲ್ಲಾರ ಕಾಲಿಗೂ ಅದ ಛಲೋ ಅನಸ್ತು. ದಿನಾ ನಾನ 'ಹ್ಞಾಂ' ಅಂತಿದ್ದೆ, ದಿನಾ ನೀ ತಡೀತಿದ್ದಿ. ಕೆಸರು ಯಾಕ ಒಗೀತಿದ್ವಿ ಅಂತ ತಿಳ್ಕೊಂಡಿ ಮತ್ತ?"

"ಹೇಳಬೇಕಿತ್ತಲ್ಲಾ ಅಕ್ಕಾ!"

"ನೀ ಕೇಳಿದ್ದೇನು? ಹೋದಲ್ಲೆಲ್ಲ ನನ್ನ ತಪ್ಪು, ನನ್ನ ತಪ್ಪು ಅಂತ ಡಂಗುರ ಸಾರ್ಕೋತ ಹೋದಿ. ತಪ್ಪಾದ್ರೂ ನಿಂದಾ ಆಗ್ಬೇಕು ನಿನಗ!"

ಅಪ್ಪ ನಕ್ಕುಬಿಟ್ಟ. ನೋಯುವ ನಡು ಹಿಡಿದುಕೊಂಡು ನಕ್ಕ. ಆದರೆ ನನಗೆ ನಗು ಬರಲಿಲ್ಲ. "ಅತ್ತಿ, ತಬಲಾ ಜೊತಿ ಅದು ಹೊಂದಂಗಿಲ್ಲ. ಮತ್ತ ಫೇಲಾದ್ರ?"

"ಆ ತಬಲಾದವನ್ನ ತೋರ್ಸು ನನಗ," ಅಂದಳು.

ಹಾಗಾಗಿ ಅತ್ತೆಯನ್ನು ಬಸ್ಸು ಹತ್ತಿಸಿಕೊಂಡು ಮಸ್ಕಿಗೆ ಹೋದೆ. ಗುರುಗಳ ಮನೆ ಗುಡ್ಡದ ಕಡೆಗೆ, ಸಣ್ಣ ಓಣಿಯಲ್ಲಿ. ಅವರು ತಬಲಾ ತೆಗೆದರು. ನಾನು ಪಿಟೀಲು ಹಿಡಿದೆ. ಅತ್ತೆ ಸೊಂಟದ ಚೀಲದಿಂದ ಭಜನೆಯ ತಾಳ ತೆಗೆದಳು. ಸೋಮವಾರದ ಭಜನೆಗೆ ಅವಳೇ ತಾಳದವಳು. ನಾವು ಮೂವರೂ ಶುರು ಮಾಡಿದೆವು. ಎರಡನೆಯ ಸಾಲಿಗೆ ಗುರುಗಳು ಎಣಿಕೆ ತಪ್ಪಿ ಬಿದ್ದರು. ಮತ್ತೆ ಶುರು, ಮತ್ತೆ ಬಿದ್ದರು.

"ಅರೇ ಅಮ್ಮಾ, ನಿಮ್ಮ ಹೆಜ್ಜಿ ಚಂದ ಅದ, ಬಿಲ್ಕುಲ್ ಚಂದ. ಆದ್ರ ನನ್ನ ಕೈ ಎಂಟಕ್ಕ ಕುಂತುಬಿಟ್ಟದ. ಸಣ್ಣಾಂವ ಇದ್ದಾಗಿಂದ ಕುಂತದ."

"ಏಳಸ್ರಿ ಅದನ್ನ," ಅಂದಳು ಅತ್ತೆ. "ಕೈ ಏನು ಎಮ್ಮಿ ಏನ್ರಿ, ಕುಂತ್ರ ಏಳಂಗಿಲ್ಲ ಅನ್ನಾಕ?"

ಗುರುಗಳ ತಾಯಿ ಚಹಾ ತಂದವರು ಅಲ್ಲೇ ಬಾಗಿಲಿಗೆ ಆನಿಕೊಂಡು ನಕ್ಕರು. ಗುರುಗಳೂ ನಕ್ಕರು, ತಬಲಾವನ್ನು ಪಕ್ಕಕ್ಕೆ ಸರಿಸಿದರು. ಚಹಾ ಕುಡಿದು ಮುಗಿಸಿದರು. ಆಮೇಲೆ ನನ್ನನ್ನು ಬಿಟ್ಟು ಅತ್ತೆಗೇ ಹೇಳಿದರು:

"ನಾ ಆರು ತಿಂಗಳು ಕೂತ್ರ ಕಲೀಬಹುದು. ಪರೀಕ್ಷಾ ಅಲ್ಲೀತನಕ ಕಾಯಂಗಿಲ್ಲ. ಸೀಮಿ ಧಾಟಿಗೆ ಪಕ್ಕವಾದ್ಯದವರನ್ನ ಹುಡುಗಿ ತಾನಾ ಕರಕೊಂಡು ಬರಬಹುದು, ನಿಯಮ ಅದ. ನೀವಾ ಬರ್ರಿ."

"ನಾ?" ಅತ್ತೆ ನನ್ನ ಕಡೆ ತಿರುಗಿದಳು. "ನಾ ಯಾಕ ಬರ್ಲಿ? ಪಾಸಾಗಂಗಿಲ್ಲ ಅಂತ ಊರಿಗೆಲ್ಲ ಹೇಳಿದಾಕಿ ನಾ!"

"ಅದಕ್ಕಾ ಬರ್ರಿ," ಅಂದರು ಗುರುಗಳು. "ಆಗಂಗಿಲ್ಲೋ ಆಗ್ತದೋ, ಕಣ್ಣಾರೆ ನೋಡ್ರಿ."

ಮರಳುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿ ಕಡೆ ಮುಖ ಮಾಡಿ ಕೂತಳು. ಸಿಂಧನೂರು ಬಂದಾಗ ಕೇಳಿದಳು, "ಅಲ್ಲಿ ಚಪ್ಪಲಿ ಹೊರಗ ಬಿಡಬೇಕೇನು?" ಬರುತ್ತಾಳೆಂದು ನನಗೆ ಆಗ ತಿಳಿಯಿತು.

ಮರುಪರೀಕ್ಷೆಯ ತನಕ ನನ್ನ ಅಭ್ಯಾಸ ಗದ್ದೆಯಲ್ಲೇ. ಎರಡನೆಯ ಬೆಳೆಯ ನಾಟಿ ಬಂದಿತ್ತು. ಬೆಳಿಗ್ಗೆ ಸಾಲಿನಲ್ಲಿ ಇಳಿಯುತ್ತಿದ್ದೆ, ಮಧ್ಯಾಹ್ನ ಬುತ್ತಿ ಬಿಚ್ಚಿದ ಮೇಲೆ ಪಿಟೀಲು ಹಿಡಿಯುತ್ತಿದ್ದೆ. ಅತ್ತೆ ರೊಟ್ಟಿ ಮುರಿಯುತ್ತಲೇ "ಹ್ಞಾಂ" ಎನ್ನುತ್ತಿದ್ದಳು. ಕಾಲು ಕೆಸರಿನಿಂದ ಏಳುವ ಹೊತ್ತು ಎಷ್ಟು ಎಂದು ಮೊದಲು ನನ್ನ ಮೀನಖಂಡ ಕಲಿಯಿತು, ಆಮೇಲೆ ಕೈ. ಅವಳು ಅವತ್ತು ನನಗೆ ಇಳಿ ಎಂದದ್ದು ಸಿಟ್ಟಿಗೋ, ಕಲಿಸಲಿಕ್ಕೋ ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ಸಿಟ್ಟಿಗೇ ಅನ್ನುತ್ತಿದ್ದಳು.

ಪರೀಕ್ಷೆಯ ದಿನ ಅತ್ತೆ ಹಸಿರು ಇಳಕಲ್ ಸೀರೆ ಉಟ್ಟಳು. ಕಾಲೇಜಿನ ಕೋಣೆಯಲ್ಲಿ ಬೆಂಚು ಬೇಡವೆಂದು ನೆಲದ ಮೇಲೆ ಕೂತಳು. ಪರೀಕ್ಷಕರು ಈ ಸಲ ಬೇರೆಯವರು. ಕನ್ನಡಕದ ಮೇಲಿನಿಂದ ನಮ್ಮಿಬ್ಬರನ್ನೂ ನೋಡಿದರು. ಇಲ್ಲಿ ಬಿದ್ದರೆ ಮತ್ತೆ ಮನೆಯವರ ಮುಂದೆ ಕಾಲೇಜಿನ ಮಾತು ಎತ್ತುವ ಮುಖ ನನಗಿರಲಿಲ್ಲ. ರಾಗ ಮುಗಿಸಿ ಧಾಟಿ ಶುರು ಮಾಡಿದೆ. ತಾಳ ಸಣ್ಣಗೆ ಜೊತೆಗೂಡಿತು. ಎರಡನೆಯ ಸಾಲಿನ ಕೊನೆ ಬರುವಾಗ ಅತ್ತೆ ಬಾಯಿ ತಡೆಯಲಾಗದೆ ಗದ್ದೆಯಲ್ಲಿ ಅನ್ನುವ ಹಾಗೆ "ಹ್ಞಾಂ" ಅಂದುಬಿಟ್ಟಳು. ಮಡಿಸಿ ಕೂತ ನನ್ನ ಕಾಲು ಅಲ್ಲೇ ಮೇಲೆದ್ದ ಹಾಗಾಯಿತು. ಕಮಾನು ತಡೆಯಿತು, ಬಿಟ್ಟಿತು, ಓಡಿತು. ಆಮೇಲೆ ನಾನು ಎಣಿಸಲೇ ಇಲ್ಲ.

ಮುಗಿದ ಮೇಲೆ ಪರೀಕ್ಷಕರು ಪೆನ್ನು ಹಿಡಿದು ಕೇಳಿದರು, "ಇದು ಯಾರದು? ಸಾಂಪ್ರದಾಯಿಕ ಅಂತ ಬರೆದುಕೊಳ್ಳಲೇ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದಳು: "ಸತ್ತವರದನ್ನ ಹಂಗ ಬರ್ಕೋರಿ ಸಾಹೇಬ್ರ. ನಾವು ಇನ್ನಾ ಅದೀವಿ. ಧಾಟಿ ನನ್ನ ತಮ್ಮಂದು, ಹೆಜ್ಜಿ ನಂದು."

ಅವರು ಏನು ಬರೆದುಕೊಂಡರೋ ನನಗೆ ಕಾಣಲಿಲ್ಲ. ಅಂಕಗಳನ್ನೇನೂ ಸುರಿಯಲಿಲ್ಲ. ರಾಗದಲ್ಲಿ ಸ್ವರ ಸಡಿಲವಾಗಿದೆ ಎಂದು ಗುರುಗಳ ಹತ್ತಿರ ಹೇಳಿದರಂತೆ, ಅದು ನಿಜ. ಆದರೆ ಪಾಸು.

ಪದವಿ ಪ್ರಮಾಣಪತ್ರ ಕಾಲೇಜಿಗೆ ಬಂದಿದೆ ಎಂದು ತಿಳಿದಾಗ ಒಬ್ಬಳೇ ಹೋದೆ. ಅದನ್ನು ಪಿಟೀಲಿನ ಚೀಲದಲ್ಲೇ, ಹಳೆಯ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಬಂದೆ. ಕಂಡಕ್ಟರ್ ಕೋಳಿ ಕೂಗಿತೇನು ಎಂದು ಕೇಳಿದ. ಕೂಗಿತು ಅಂದೆ. ನಮ್ಮ ಮನೆತನದಲ್ಲಿ ಹೆಣ್ಣಿರಲಿ ಗಂಡಿರಲಿ ಅಂಥ ಕಾಗದ ಹಿಡಿದವರು ನನಗಿಂತ ಮೊದಲು ಯಾರೂ ಇಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಮನೆಯವರು ಗದ್ದೆಯಲ್ಲಿದ್ದರು. ಅಪ್ಪ ಬದುವಿನ ಮೇಲೆ ನಿಂತಿದ್ದ, ಅತ್ತೆ ಕಾಲುವೆಯಲ್ಲಿ ಕಾಲು ತೊಳೆಯುತ್ತಿದ್ದಳು. ಪ್ರಮಾಣಪತ್ರವನ್ನು ಮೊದಲು ಅವಳ ಕೈಗೇ ಕೊಟ್ಟೆ. ಅಂಗೈಯನ್ನು ಸೆರಗಿಗೆ ಒರೆಸಿ ಒರೆಸಿ ಒಣಗಿಸಿಕೊಂಡು, ಎರಡು ಕೈಯಲ್ಲಿ ತೆಗೆದುಕೊಂಡಳು. ಬಿಸಿಲಿಗೆ ಹಿಡಿದಳು. ಮೊಹರನ್ನು ಬೆರಳಿನಿಂದ ಮುಟ್ಟಿದಳು. ನನ್ನ ಹೆಸರು ಎಲ್ಲಿದೆ ಎಂದು ಕೇಳಿದಳು, ತೋರಿಸಿದೆ. ಅಪ್ಪ ಹತ್ತಿರ ಬಂದು ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಗಟ್ಟಿಯಾಗಿ ಓದಿದ. ಸಾಲಿನ ಹೆಂಗಸರು ಕೇಳಿಸಿಕೊಂಡರು.

ಅತ್ತೆ ಇನ್ನೂ ಕಾಗದದ ಮೇಲೇ ಕಣ್ಣಿಟ್ಟಿದ್ದಳು. "ತಾಳ ಹಾಕಿದಾಕಿ ಹೆಸರು ಎಲ್ಲೈತಿ ಇದ್ರಾಗ?"

"ಇಲ್ಲ ಅತ್ತಿ."

"ಹಂಗಾದ್ರ ಅರ್ಧಾ ಕಾಗದ ಕೊಟ್ಟು ಕಳಿಸ್ಯಾರ ಬಿಡು," ಎಂದು ಅದನ್ನು ನನ್ನ ಕೈಗೆ ಮರಳಿ ಕೊಟ್ಟಳು. "ಇರ್ಲಿ. ಲಗೂನ ಒಳಗಿಡು, ಕೆಸರು ಹತ್ತೀತು."